ಒಂದನೇ ಕ್ಲಾಸಿಗೆ ಒಬ್ಬ ಟೀಚರ್ ಕೊಡಿ

ಮುಂಬಯಿಯ ಸಾರ್ವಜನಿಕ ಶಾಲೆಗಳ ಹೊಣೆ ಹೊತ್ತಿರುವ ಶಿಕ್ಷಣಾಧಿಕಾರಿಗಳಿಗೆ,
ಮತ್ತು ಈ ಊರಿನ ಕನ್ನಡ ಸಂಘಗಳ ಹಿರಿಯರಿಗೆ,

ಮಾನ್ಯರೇ,

ನಮಸ್ಕಾರ. ನಾನು ಮುಂಬಯಿಯಲ್ಲಿ ಡಿಎಲ್‌ಎಡ್ ಎರಡನೇ ವರ್ಷ ಓದುತ್ತಿದ್ದೇನೆ. ಅದು ಪ್ರಾಥಮಿಕ ಶಾಲೆಯ ಶಿಕ್ಷಕರಾಗಲು ಓದುವ ಕೋರ್ಸ್. ಕೋರ್ಸ್ ಮುಗಿದ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಬರೆಯಬೇಕು, ನೇಮಕಾತಿಯ ಪರೀಕ್ಷೆ ಟೇಟ್ ಬರೆಯಬೇಕು, ಶಿಕ್ಷಕರ ನೇಮಕಾತಿ ನಡೆಯುವ ಪವಿತ್ರ ಪೋರ್ಟಲ್‌ನಲ್ಲಿ ಹೆಸರು ಹಾಕಿ ಕಾಯಬೇಕು. ಖಾಸಗಿ ಶಾಲೆಗೆ ಹೋಗುವ ಆಸೆ ನನಗಿಲ್ಲ. ಸರ್ಕಾರಿ ಶಾಲೆಯಲ್ಲೇ, ಕನ್ನಡ ಮಾಧ್ಯಮದಲ್ಲೇ, ಚಿಕ್ಕ ಮಕ್ಕಳಿಗೆ ಕಲಿಸಬೇಕು ಎಂದುಕೊಂಡಿದ್ದೇನೆ. ಅದಕ್ಕೇ ಈ ಪತ್ರ.

ನಮ್ಮಪ್ಪ ಯಾದಗಿರಿ ಜಿಲ್ಲೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಗಾರೆ ಕೆಲಸಕ್ಕೆ ಬಂದವರು. ಬೆಳಿಗ್ಗೆ ನಾಕಾದಲ್ಲಿ, ಅಂದರೆ ಕೂಲಿಯವರು ಸೇರುವ ಚೌಕದಲ್ಲಿ, ನಿಂತು ಅವತ್ತಿನ ಕೆಲಸ ಹಿಡಿಯುತ್ತಿದ್ದರು. ನಾನು ಏಳನೇ ಕ್ಲಾಸಿನವರೆಗೆ ಈ ಊರಿನ ಒಂದು ಕನ್ನಡ ಶಾಲೆಯಲ್ಲಿ ಓದಿದೆ. ಒಂದನೇ ಕ್ಲಾಸಿನಲ್ಲಿ ನಮಗೊಬ್ಬರು ಟೀಚರ್ ಇದ್ದರು. ಇಡೀ ವರ್ಷ ಅವರು ಬರೀ ನಮ್ಮ ಕ್ಲಾಸಿನವರು. ದೀಪಾವಳಿ ರಜೆ ಬರುವ ಹೊತ್ತಿಗೆ ನಾನು ಓದುವುದನ್ನು ಕಲಿತಿದ್ದೆ. ಆಗ ಅದು ದೊಡ್ಡ ವಿಷಯ ಅನಿಸಿರಲಿಲ್ಲ. ಎಲ್ಲ ಶಾಲೆಯಲ್ಲೂ ಹೀಗೇ ಇರುತ್ತದೆ ಎಂದುಕೊಂಡಿದ್ದೆ.

ದೂರು ಹೇಳುವ ಮೊದಲು ಒಳ್ಳೆಯದನ್ನೂ ಹೇಳಬೇಕು. ಮರಾಠಿ, ಹಿಂದಿ, ಉರ್ದು, ಇಂಗ್ಲಿಷ್, ಗುಜರಾತಿ, ತಮಿಳು, ತೆಲುಗು, ಕನ್ನಡ: ಹೀಗೆ ಎಂಟು ಭಾಷೆಗಳಲ್ಲಿ ಮುಂಬಯಿಯ ಪಾಲಿಕೆ ಶಾಲೆಗಳು ನಡೆಯುತ್ತವೆ. ಬಟ್ಟೆ, ಬೂಟು, ಪಾಟಿಚೀಲದಿಂದ ಹಿಡಿದು 27 ಬಗೆಯ ವಸ್ತುಗಳನ್ನು ಮಕ್ಕಳಿಗೆ ಉಚಿತವಾಗಿ ಕೊಡುವ ಪದ್ಧತಿ ಇದೆ. 1967ರಲ್ಲಿ ಪುಣೆಯಲ್ಲಿ ಶುರುವಾದ ಬಾಲಭಾರತಿ ಇವತ್ತಿಗೂ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಮಾಡುತ್ತದೆ. ಬೇರೆ ರಾಜ್ಯದಿಂದ ಕೂಲಿಗೆ ಬಂದವರ ಮಕ್ಕಳಿಗೆ ಅವರದೇ ಭಾಷೆಯಲ್ಲಿ ಪುಸ್ತಕ ಕೊಡುವ ಊರು ಸುಮ್ನೆ ಸಿಗುವುದಿಲ್ಲ. ಆ ಋಣ ನನ್ನ ಮೇಲೆ ಇದೆ.

ಈಗ ನಾನು ಕಂಡದ್ದನ್ನು ಬರೆಯುತ್ತೇನೆ.

ಇಂಟರ್ನ್‌ಶಿಪ್‌ಗೆ ಒಂದು ಕನ್ನಡ ಮಾಧ್ಯಮದ ಶಾಲೆಯೇ ಬೇಕು ಎಂದು ಕೇಳಿ ಹೋಗಿದ್ದೆ. ಶಾಲೆಯ ಹೆಸರು ಬರೆಯುವುದಿಲ್ಲ. ಅಲ್ಲಿನ ಶಿಕ್ಷಕಿಯರು ತಮ್ಮ ಕೈಲಾಗುವುದಕ್ಕಿಂತ ಜಾಸ್ತಿ ದುಡಿಯುತ್ತಿದ್ದಾರೆ. ನನ್ನ ಪತ್ರದಿಂದ ಅವರಿಗೆ ನೋಟಿಸ್ ಬರಬಾರದು.

ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ 41 ಮಕ್ಕಳು. ಶಿಕ್ಷಕಿಯರು ಇಬ್ಬರು. ಕಾಗದದ ಮೇಲೆ ಇದರಲ್ಲಿ ಏನೂ ತಪ್ಪಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ಕ್ಲಾಸಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು. ಆದರೆ ಆ ಇಬ್ಬರಲ್ಲಿ ಒಬ್ಬರು ಮುಖ್ಯ ಶಿಕ್ಷಕಿಯ ಕೆಲಸವನ್ನೂ ನೋಡಬೇಕು. ಸರ್ಕಾರದ ಯುಡೈಸ್ ಪೋರ್ಟಲ್‌ಗೆ ಶಾಲೆಯ ಮಾಹಿತಿ, ಊಟದ ಲೆಕ್ಕ, ಪ್ರತಿ ಮಗುವಿನ ಅಪಾರ್ ಗುರುತಿನ ಸಂಖ್ಯೆ, ಆಧಾರ್‌ನಲ್ಲಿ ತಪ್ಪಿದ ಹೆಸರು, ಮೀಟಿಂಗ್. ಫೋನ್ ಗ್ರೂಪಿನಲ್ಲಿ ಹತ್ತು ಗಂಟೆಗೆ ಮೆಸೇಜ್ ಬರುತ್ತದೆ, ಹನ್ನೆರಡರೊಳಗೆ ಮಾಹಿತಿ ಕಳಿಸಿ ಎಂದು. ಅವರು ಪಾಠ ಬಿಟ್ಟು ಏಳುತ್ತಾರೆ.

ನಾನು ಡೈರಿ ಇಟ್ಟಿದ್ದೆ. ಅಲ್ಲಿದ್ದ 24 ದಿನಗಳಲ್ಲಿ ಇಬ್ಬರೂ ಬೆಳಿಗ್ಗೆಯಿಂದ ಗಂಟೆ ಹೊಡೆಯುವವರೆಗೆ ಮಕ್ಕಳ ಜೊತೆ ಇದ್ದದ್ದು 7 ದಿನ. ಉಳಿದ 17 ದಿನ ಒಬ್ಬರೇ ನಾಲ್ಕು ಕ್ಲಾಸು ನೋಡಿಕೊಂಡರು. ನಾಲ್ಕು ಕ್ಲಾಸು ಒಬ್ಬರೇ ಹೇಗೆ ನೋಡಿಕೊಳ್ಳುತ್ತಾರೆ ಗೊತ್ತಾ? ಮೂರು, ನಾಲ್ಕನೆಯವರಿಗೆ ಬೋರ್ಡಿನಲ್ಲಿ ಪ್ರಶ್ನೋತ್ತರ ಬರೆದು ಕೊಡುತ್ತಾರೆ. ಎರಡನೆಯವರಿಗೆ ಲೆಕ್ಕ. ಒಂದನೆಯವರಿಗೆ, 'ಅ ಆ ಇ ಈ ಹತ್ತು ಸಲ ಬರೀರಿ.' ಒಂದನೆಯವರು ಬರೆಯುತ್ತಾರೆ. ಬರೆದಾದ ಮೇಲೆ ಕಾಯುತ್ತಾರೆ. ಅವರಿಗೆ ಪರೀಕ್ಷೆಯ ಗಡಿಬಿಡಿ ಇಲ್ಲ, ದೂರು ಹೇಳಲು ಬರುವುದಿಲ್ಲ. ಅದಕ್ಕೇ ಯಾವಾಗಲೂ ಅವರ ಸರದಿಯೇ ಕೊನೆಗೆ ಬರುತ್ತದೆ. ಇದು ಆ ಶಿಕ್ಷಕಿಯ ತಪ್ಪಲ್ಲ. ಆ ಜಾಗದಲ್ಲಿ ನಾನು ನಿಂತಾಗಲೂ ಹಾಗೇ ಮಾಡಿದೆ.

ಮೂರನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಪಾಠ ಓದು ಎಂದರೆ ಎದ್ದು ನಿಂತು ಗಟ್ಟಿಯಾಗಿ ಓದುತ್ತಿದ್ದಳು. ಎಲ್ಲೂ ತಡವರಿಸುತ್ತಿರಲಿಲ್ಲ. ಮೊದಲ ವಾರ ನನಗೆ ಬಹಳ ಖುಷಿ ಆಯಿತು. ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ಬಾಯಿ ನಾಲ್ಕನೇ ಸಾಲಿನಲ್ಲಿತ್ತು. ಬೆರಳು ಎರಡನೇ ಸಾಲಿನ ಮೇಲೆ ಇತ್ತು. ಇಡೀ ಪಾಠ ಅವಳಿಗೆ ಬಾಯಿಪಾಠ ಬಂದಿತ್ತು. ಪುಟ ತಿರುಗಿಸಿ ಬೇರೆ ಪಾಠದ ಒಂದು ಶಬ್ದ ತೋರಿಸಿದೆ. 'ಮರ' ಅಂತಿತ್ತು. ಅವಳು ನನ್ನ ಮುಖ ನೋಡಿದಳು. ಆ ನೋಟ ನನ್ನ ಕಣ್ಣಿನಿಂದ ಹೋಗಿಲ್ಲ. ಮೂರು ವರ್ಷ ಅವಳು ಒಂದು ದಿನವೂ ತಪ್ಪಿಸದೆ ಶಾಲೆಗೆ ಬಂದಿದ್ದಾಳೆ.

ಆಮೇಲೆ ಮೂರು, ನಾಲ್ಕನೇ ಕ್ಲಾಸಿನ ಎಲ್ಲರನ್ನೂ ಒಬ್ಬೊಬ್ಬರಾಗಿ ಕೂರಿಸಿ ಓದಿಸಿದೆ. ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಮಾಡುವ ಹಾಗೆ: ಮೊದಲು ಅಕ್ಷರ, ಆಮೇಲೆ ಶಬ್ದ, ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲು, ಕೊನೆಗೆ ಎರಡನೇ ಕ್ಲಾಸಿನ ಮಟ್ಟದ ಒಂದು ಪುಟ್ಟ ಕಥೆ. 19 ಮಕ್ಕಳಲ್ಲಿ ಕಥೆಯವರೆಗೆ ಬಂದವರು ಐದು ಮಂದಿ. ಉಳಿದವರು ದಡ್ಡರಲ್ಲ. ಅಂಗಡಿಗೆ ಹೋಗಿ ಚಿಲ್ಲರೆ ಸರಿಯಾಗಿ ಎಣಿಸಿ ತರುತ್ತಾರೆ. ಮನೆಯಲ್ಲಿ ಒಂದು ಭಾಷೆ, ಗಲ್ಲಿಯಲ್ಲಿ ಹಿಂದಿ, ಆಸ್ಪತ್ರೆಯಲ್ಲಿ ಅಮ್ಮನ ಪರವಾಗಿ ಮರಾಠಿ ಮಾತಾಡುತ್ತಾರೆ. ಇಷ್ಟೆಲ್ಲ ಬರುವ ಮಗುವಿಗೆ ಓದು ಬರಲಿಲ್ಲ ಎಂದರೆ, ಓದು ಕಲಿಸುವ ವಯಸ್ಸಿನಲ್ಲಿ ಎದುರಿಗೆ ಯಾರೂ ಕೂತಿರಲಿಲ್ಲ ಎಂದೇ ಅರ್ಥ.

ಇನ್ನು ಹುದ್ದೆಯ ವಿಷಯ. ಇದನ್ನು ನಿಮಗೆ ವಿವರಿಸಬೇಕಾಗಿಲ್ಲ, ಆದರೆ ನಮ್ಮ ಜನರಿಗೆ ಗೊತ್ತಿಲ್ಲ, ಅವರಿಗಾಗಿ ಬರೆಯುತ್ತೇನೆ. ಶಾಲೆಯ ಪಟಸಂಖ್ಯೆ, ಅಂದರೆ ದಾಖಲಾದ ಮಕ್ಕಳ ಸಂಖ್ಯೆ, ನೋಡಿ ಎಷ್ಟು ಶಿಕ್ಷಕರು ಎಂದು ತೀರ್ಮಾನವಾಗುತ್ತದೆ. ಸೆಪ್ಟೆಂಬರ್ 30ರ ಪಟ ಹಿಡಿಯುತ್ತಾರೆ, ಅದರಲ್ಲೂ ಆಧಾರ್ ಸರಿ ಇರುವ ಮಕ್ಕಳನ್ನು. ನಮ್ಮ ಮಂದಿಯ ವರ್ಷ ಹಾಗೆ ನಡೆಯುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ಗಾರೆ ಕೆಲಸ ಕಮ್ಮಿ. ಊರಲ್ಲಿ ತೊಗರಿ ಬಿತ್ತನೆ, ಕಳೆ ಕೀಳುವುದು. ಗಂಡ, ಹೆಂಡತಿ, ಮಕ್ಕಳು ಎಲ್ಲ ಊರಿಗೆ ಹೋಗುತ್ತಾರೆ. ಎಷ್ಟೋ ಕುಟುಂಬ ತಿರುಗಿ ಬರುವುದು ದೀಪಾವಳಿ ಆದ ಮೇಲೆ. ಬಂದ ಮಕ್ಕಳು ಶಾಲೆಗೆ ಬರುತ್ತಾರೆ, ಊಟ ಮಾಡುತ್ತಾರೆ, ಕಲಿಯುತ್ತಾರೆ, ಆದರೆ ಆ ವರ್ಷದ ಲೆಕ್ಕದಲ್ಲಿ ಇರುವುದಿಲ್ಲ. ಪಟ ಇಳಿದರೆ ಒಬ್ಬ ಶಿಕ್ಷಕಿ 'ಅತಿರಿಕ್ತ', ಅಂದರೆ ಹೆಚ್ಚುವರಿ, ಆಗಿ ಬೇರೆ ಕಡೆಗೆ ಹೋಗುತ್ತಾರೆ. ಶಿಕ್ಷಕಿ ಹೋದ ಮೇಲೆ, ಪಾಠ ನಡೆಯುವುದಿಲ್ಲ ಎಂದು ತಂದೆತಾಯಿ ಮಕ್ಕಳನ್ನು ಬಿಡಿಸುತ್ತಾರೆ. ಪಟ ಇನ್ನೂ ಇಳಿಯುತ್ತದೆ. ಆಮೇಲೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಕನ್ನಡ ಶಾಲೆ ಯಾರಿಗೂ ಬೇಡ.

ಬೇಡ ಎನ್ನುವುದು ನಿಜವಾ? ನಾನು ಮಕ್ಕಳ ಮನೆಗಳಿಗೆ ಹೋಗಿದ್ದೆ. ಒಬ್ಬ ತಾಯಿ ಕೇಳಿದ್ದು ಹೀಗೆ: 'ಟೀಚರ್, ನಮ್ ಹುಡುಗಿ ಇಲ್ಲಿ ಓದಿದ್ರ ಮುಂದ ಎಲ್ಲಿ ಹೋಗ್ಬೇಕ್ರಿ?' ಅವರಿಗೆ ಕನ್ನಡ ಬೇಡವಾಗಿಲ್ಲ. ಏಳನೇ ಕ್ಲಾಸಿನ ಆಚೆ ದಾರಿ ಕಾಣುತ್ತಿಲ್ಲ. ಹೈಸ್ಕೂಲು ಯಾವುದು, ಅಲ್ಲಿಗೆ ಯಾವ ಬಸ್ಸು, ಅಲ್ಲಿ ಯಾವ ಭಾಷೆ ಎಂದು ಯಾರೂ ಹೇಳಿಲ್ಲ. ಇಂಗ್ಲಿಷ್ ಬೇಕು ಎಂದೂ ಅವರು ಹೇಳುತ್ತಾರೆ. ಅದೂ ನ್ಯಾಯವೇ. ನನಗೂ ಬೇಕಿತ್ತು. ಪಾಲಿಕೆ ಸಿಬಿಎಸ್‌ಇ ಶಾಲೆ ತೆರೆದಾಗ ಸೀಟಿಗಿಂತ ಅರ್ಜಿ ಜಾಸ್ತಿ ಬಂದು ಲಾಟರಿ ಎತ್ತಬೇಕಾಯಿತು. ಸರ್ಕಾರಿ ಶಾಲೆ ಎಂದರೆ ಜನ ಮೂಗು ಮುರಿಯುತ್ತಾರೆ ಎನ್ನುವವರು ಅದನ್ನು ನೆನಪಿಡಬೇಕು. ಕ್ಲಾಸಿನಲ್ಲಿ ಟೀಚರ್ ಇರುತ್ತಾರೆ ಎಂಬ ನಂಬಿಕೆ ಬಂದರೆ ಬಡವರು ಸರ್ಕಾರಿ ಶಾಲೆಯ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ.

ಕನ್ನಡ ಕಲಿತರೆ ಮರಾಠಿ ಹಿಂದೆ ಬೀಳುತ್ತದೆ ಎಂದು ಒಬ್ಬರು ನನಗೆ ಹೇಳಿದರು. ಈ ರಾಜ್ಯದಲ್ಲಿ ಎಲ್ಲ ಶಾಲೆಗಳಲ್ಲೂ ಮರಾಠಿ ಕಲಿಸಬೇಕು ಎಂದು 2020ರ ಕಾಯ್ದೆ ಇದೆ. ಅದು ಸರಿ. ನಾನು ಈಗ ಓದುತ್ತಿರುವುದೇ ಮರಾಠಿಯಲ್ಲಿ. ಒಂದು ಲಿಪಿ ಸರಿಯಾಗಿ ಬಂದ ಮಗುವಿಗೆ ದೇವನಾಗರಿ ಕಷ್ಟವೇ ಅಲ್ಲ. ಎರಡರಲ್ಲೂ ಅದೇ ಕ ಖ ಗ ಘ, ಅದೇ ಕಾಗುಣಿತ. ಹಿಂದಿಯಲ್ಲಿ ಕಾಣದ ನಮ್ಮ 'ಳ' ಮರಾಠಿಯಲ್ಲಿ ಸಿಗುತ್ತದೆ. ಕನ್ನಡದ 'ಎ' ಮತ್ತು 'ಏ' ಅಲ್ಲಿ ಒಂದೇ ಆಗುತ್ತದೆ, ಅಷ್ಟು ಹೇಳಿಕೊಟ್ಟರೆ ಸಾಕು. ಕನ್ನಡ ಓದಲು ಬಂದಿದ್ದ ಆ ಐದು ಮಕ್ಕಳೇ ಮರಾಠಿಯನ್ನೂ ಓದುತ್ತಿದ್ದರು. ಕನ್ನಡ ಬಾರದವರಿಗೆ ಮರಾಠಿಯೂ ಬಂದಿರಲಿಲ್ಲ.

ಇಷ್ಟು ಹೇಳಿದ ಮೇಲೆ ನಾನು ಕೇಳುವುದು ದೊಡ್ಡ ಕಟ್ಟಡವಲ್ಲ, ಹೊಸ ಟ್ಯಾಬ್ ಅಲ್ಲ. ಪ್ರತಿ ಕನ್ನಡ ಶಾಲೆಯಲ್ಲಿ, ಪಟ ಎಷ್ಟೇ ಇರಲಿ, ಒಂದನೇ ಮತ್ತು ಎರಡನೇ ಕ್ಲಾಸಿಗೆ ಒಬ್ಬ ಶಿಕ್ಷಕಿಯನ್ನು ಮೀಸಲಿಡಿ. ಅವರನ್ನು ಯಾವ ಕಾರಣಕ್ಕೂ ಕ್ಲಾಸಿನಿಂದ ಎಬ್ಬಿಸಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಈ ಮೂರು ಕೆಲಸಕ್ಕೆ ಕಾನೂನಿನ ಒಪ್ಪಿಗೆ ಇದೆ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ 20 ಶಿಕ್ಷಕರ ಶಾಲೆಯಿಂದ ಒಬ್ಬರನ್ನು ಕರೆಯುವುದೂ, ಇಬ್ಬರೇ ಇರುವ ಶಾಲೆಯಿಂದ ಒಬ್ಬರನ್ನು ಕರೆಯುವುದೂ ಒಂದೇ ಅಲ್ಲ ಅಲ್ವಾ? ಇಂಥ ಚಿಕ್ಕ ಶಾಲೆಗಳನ್ನು ಆ ಪಟ್ಟಿಯಿಂದ ಹೊರಗಿಡಿ. ಪೋರ್ಟಲ್‌ಗಳಿಗೆ ಮಾಹಿತಿ ತುಂಬಲು ನಾಲ್ಕೈದು ಶಾಲೆಗೆ ಒಬ್ಬ ಗುಮಾಸ್ತರನ್ನು ಕೊಡಿ.

ಪಟ ಹಿಡಿಯುವಾಗ ಸೆಪ್ಟೆಂಬರ್ ಜೊತೆಗೆ ಜನವರಿಯನ್ನೂ ನೋಡಿ. ಆಗ ನಮ್ಮ ಮಕ್ಕಳು ಕಾಣಿಸುತ್ತಾರೆ. ಊರಿಗೆ ಹೋದ ಮಗುವಿನ ಹೆಸರು ಹೊಡೆಯಬೇಡಿ.

ಕಲಿಸುವ ವಿಧಾನದ ಬಗ್ಗೆಯೂ ಒಂದು ಮಾತಿದೆ, ಇದು ನನಗೆ ಬಹಳ ಮುಖ್ಯ. ನಮ್ಮ ಡಿಎಲ್‌ಎಡ್ ತರಗತಿಯಲ್ಲಿ ಮರಾಠಿ ಓದು ಕಲಿಸುವುದು ಹೇಗೆ ಎಂದು ಹೇಳಿಕೊಟ್ಟರು. ಕನ್ನಡ ಓದು ಕಲಿಸುವುದನ್ನು ಯಾರೂ ಹೇಳಿಕೊಡಲಿಲ್ಲ. ಒತ್ತಕ್ಷರ ಯಾವಾಗ ತರಬೇಕು, ದೀರ್ಘ ಹೇಗೆ ತೋರಿಸಬೇಕು, ನಾನೇ ಹುಡುಕಿಕೊಳ್ಳಬೇಕಾಯಿತು. ಹುಡುಕುವಾಗ ಕರ್ನಾಟಕದ ನಲಿಕಲಿ ಪದ್ಧತಿ ಸಿಕ್ಕಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಸೇರಿ ಶುರು ಮಾಡಿದ್ದು. ಬೇರೆ ಬೇರೆ ಕ್ಲಾಸಿನ ಚಿಕ್ಕ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕಾರ್ಡುಗಳಿವೆ, ಕಲಿಕೆಯ ಏಣಿ ಇದೆ. ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ. ಎರಡು ತಿಂಗಳು ಊರಿಗೆ ಹೋಗಿ ಬಂದ ಮಗು, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ನಮ್ಮ ಮುಂಬಯಿಯ ಕನ್ನಡ ಶಾಲೆಗೆ ಅಳತೆ ತೆಗೆದು ಹೊಲಿದ ಹಾಗಿದೆ!

ಅಲ್ಲಿ 'ಅ ಆ ಇ ಈ' ಎಂದು ಶುರು ಮಾಡುವುದಿಲ್ಲ. 'ರ ಗ ಸ ದ ಅ' ಎಂದು ಶುರು ಮಾಡುತ್ತಾರೆ. ಬರೆಯಲು ಸುಲಭ, ಮತ್ತು ಈ ಐದೇ ಅಕ್ಷರದಲ್ಲಿ ಅರಸ, ಅಗಸ, ಸರ, ದರ ಎಂದು ಶಬ್ದ ಹುಟ್ಟುತ್ತವೆ. ನಾನು ಒಂದನೇ ಕ್ಲಾಸಿನಲ್ಲಿ ಮಾಡಿ ನೋಡಿದೆ. ಮೂರನೇ ದಿನ ಬೋರ್ಡಿನ ಮೇಲೆ 'ಗರಗಸ' ಎಂದು ಬರೆದೆ. ಒಂದು ಹುಡುಗ ಅಕ್ಷರ ಅಕ್ಷರ ಕೂಡಿಸಿದ. ಆಮೇಲೆ ಎದ್ದು ನಿಂತ. 'ಗರಗಸ! ನಮ್ಮಪ್ಪನ ಹತ್ರ ಐತಿ!' ಎಂದು ಕೂಗಿದ. ಅವನ ಅಪ್ಪ ಬಡಗಿ. ಶಾಲೆಗೆ ಸೇರಿ ಆರು ತಿಂಗಳಾದ ಮೇಲೆ ಅವನು ಓದಿದ ಮೊದಲ ಶಬ್ದ ಅದು.

ಕರ್ನಾಟಕ ಸರ್ಕಾರಕ್ಕೆ ಒಂದು ಪತ್ರ ಬರೆದು ಆ ಕಾರ್ಡುಗಳನ್ನು ತರಿಸಿಕೊಳ್ಳಿ. ಇಲ್ಲಿನ ಕನ್ನಡ ಶಿಕ್ಷಕರನ್ನು ಒಂದು ವಾರ ಕಲಬುರಗಿಗೋ ವಿಜಯಪುರಕ್ಕೋ ಕಳಿಸಿ, ನಡೆಯುವ ಕ್ಲಾಸನ್ನು ಕಣ್ಣಾರೆ ನೋಡಿ ಬರಲಿ. ಎಷ್ಟೋ ಮಕ್ಕಳ ಮನೆಮಾತು ಲಂಬಾಣಿ, ಕೆಲವರದು ತುಳು. ಅವರಿಗೆ ಪುಸ್ತಕದ ಕನ್ನಡವೂ ಹೊಸದೇ. ಅದನ್ನೂ ತರಬೇತಿಯಲ್ಲಿ ಹೇಳಿಕೊಡಬೇಕು.

ಈಗಾಗಲೇ ಹಿಂದೆ ಬಿದ್ದ ಮಕ್ಕಳಿಗೂ ದಾರಿ ಇದೆ, ಅದೂ ಇದೇ ಊರಲ್ಲಿ ಹುಟ್ಟಿದ್ದು. ಮುಂಬಯಿಯಲ್ಲಿ ಶುರುವಾದ ಪ್ರಥಮ್ ಸಂಸ್ಥೆಯ 'ಬಾಲಸಖಿ' ಯೋಜನೆಯಲ್ಲಿ ಆಯಾ ಬಸ್ತಿಯ ಹೆಣ್ಣುಮಕ್ಕಳೇ ಶಾಲೆಗೆ ಬಂದು, ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಕೂರಿಸಿಕೊಂಡು ಅಕ್ಷರ, ಲೆಕ್ಕ ಕಲಿಸುತ್ತಿದ್ದರು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮುಂಬಯಿ ಮತ್ತು ವಡೋದರದಲ್ಲಿ ಇದನ್ನು ಅಳೆದು ನೋಡಿ, ಮಕ್ಕಳ ಕಲಿಕೆ ನಿಜವಾಗಿ ಮೇಲೆ ಬಂದದ್ದನ್ನು ತೋರಿಸಿದರು. 2019ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಬಸ್ತಿಗಳಲ್ಲಿ ಹತ್ತನೇ, ಹನ್ನೆರಡನೇ ಕ್ಲಾಸು ಮುಗಿಸಿ ಮನೆಯಲ್ಲಿ ಕೂತ ಕನ್ನಡದ ಹುಡುಗಿಯರು ಎಷ್ಟು ಜನ ಇದ್ದಾರೆ! ಅವರಿಗೆ ಗೌರವಧನ ಕೊಟ್ಟು ಕರೆಯಿರಿ. ಆದರೆ ಅವರನ್ನು ಶಿಕ್ಷಕರ ಬದಲಿಗೆ ಹಾಕಬೇಡಿ. ಶಿಕ್ಷಕರ ಜೊತೆಗೆ ಹಾಕಿ.

ಸಂಬಳದ ಮಾತು ಚಿಕ್ಕದಾಗಿ ಹೇಳುತ್ತೇನೆ. ಶಿಕ್ಷಣ ಸೇವಕರಾಗಿ ಸೇರುವ ಪ್ರಾಥಮಿಕ ಶಿಕ್ಷಕರಿಗೆ ಮೊದಲ ಮೂರು ವರ್ಷ ಗೌರವಧನ ಮಾತ್ರ. ಅದು ತಿಂಗಳಿಗೆ 6,000 ರೂಪಾಯಿ ಇದ್ದದ್ದು 2023ರಲ್ಲಿ 16,000 ಆಯಿತು. ಮುಂಬಯಿಯಲ್ಲಿ ಒಂದು ಕೋಣೆಯ ಬಾಡಿಗೆ ಕಟ್ಟಿ ಅದರಲ್ಲಿ ಬದುಕುವುದು ಹೇಗೆ ಎಂದು ನನ್ನ ಜೊತೆಯವರೆಲ್ಲ ಕೇಳುತ್ತಾರೆ. ಕೆಲವರು ಆಗಲೇ ಬೇರೆ ಕೆಲಸ ನೋಡುತ್ತಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಕಲಿಸಬಲ್ಲವರು ಮೊದಲೇ ಕೈಬೆರಳಲ್ಲಿ ಎಣಿಸುವಷ್ಟು. ಹಿರಿಯ ಶಿಕ್ಷಕರು ನಿವೃತ್ತರಾಗುತ್ತಾ ಇದ್ದಾರೆ. ಆ ಜಾಗ ಖಾಲಿ ಆಗುವ ಮೊದಲೇ ತುಂಬಿ.

ಕನ್ನಡ ಸಂಘಗಳ ಹಿರಿಯರೇ, ನಿಮಗೂ ಒಂದು ಮಾತು. ಹೋಟೆಲಿನಲ್ಲಿ ಹಗಲು ದುಡಿದ ಹುಡುಗರಿಗಾಗಿ ರಾತ್ರಿ ಶಾಲೆ ಕಟ್ಟಿದವರು ನೀವು, ನಿಮ್ಮ ಹಿಂದಿನವರು. ಅಲ್ಲಿ ಓದಿ ಎಷ್ಟೋ ಜನ ವಕೀಲರಾದರು, ಬ್ಯಾಂಕಿಗೆ ಸೇರಿದರು. ಈಗಿನ ಕನ್ನಡದ ಬಡ ಮಕ್ಕಳು ಹೋಟೆಲಿನಲ್ಲಿಲ್ಲ, ಕಟ್ಟಡ ಏಳುವ ಜಾಗದಲ್ಲಿ, ನಾಕಾದ ಪಕ್ಕದ ಬಸ್ತಿಯಲ್ಲಿ ಇದ್ದಾರೆ. ಅವರ ಕನ್ನಡ ನಿಮ್ಮ ಕಿವಿಗೆ ಬೇರೆ ಕೇಳಿಸಬಹುದು. ಅವರೂ ನಿಮ್ಮವರೇ. ರಾಜ್ಯೋತ್ಸವಕ್ಕೆ ನಿಮ್ಮ ಸಭಾಭವನಕ್ಕೆ ಅವರನ್ನು ಕರೆಯುವುದಕ್ಕಿಂತ, ಜೂನ್ ತಿಂಗಳಲ್ಲಿ ನೀವೇ ಅವರ ಬಸ್ತಿಗೆ ಹೋಗಿ. ಕನ್ನಡ ಶಾಲೆ ಎಲ್ಲಿದೆ, ಏಳರ ನಂತರ ಯಾವ ಹೈಸ್ಕೂಲು ಎಂದು ಮನೆಮನೆಗೆ ಹೇಳಿ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಯೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾಯ್ದೆಯಲ್ಲೇ ಇದೆ. ಆ ತಾಯಂದಿರಿಗೆ ಮೀಟಿಂಗಿನಲ್ಲಿ ಏನು ಕೇಳಬೇಕು ಎಂದು ಹೇಳಿಕೊಡಿ. ಅವರು ಕೇಳಿದರೆ ಶಾಲೆ ಬದಲಾಗುತ್ತದೆ.

ಮಾನ್ಯ ಅಧಿಕಾರಿಗಳೇ, ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿ ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಮಾಡಿಕೊಡಲು ಪ್ರಯತ್ನಿಸಬೇಕು ಎಂದು ಅದು ಪ್ರತಿ ರಾಜ್ಯಕ್ಕೂ, ಪ್ರತಿ ಸ್ಥಳೀಯ ಸಂಸ್ಥೆಗೂ ಹೇಳುತ್ತದೆ. ಪುಸ್ತಕ, ಕೋಣೆ, ಊಟ ಎಲ್ಲ ನೀವು ಕೊಟ್ಟಿದ್ದೀರಿ. ಉಳಿದಿರುವುದು ಮನುಷ್ಯರು.

ನನ್ನ ಇಂಟರ್ನ್‌ಶಿಪ್ ಮುಗಿಯುವ ಹಿಂದಿನ ದಿನ ಆ ಮೂರನೇ ಕ್ಲಾಸಿನ ಹುಡುಗಿಯ ತಾಯಿ ಶಾಲೆಗೆ ಬಂದಿದ್ದರು. ಮಗಳ ಆಧಾರ್‌ನಲ್ಲಿ ಹೆಸರು ತಪ್ಪಾಗಿತ್ತು, ಸರಿ ಮಾಡಿಸಲು ತಮ್ಮ ಕಾರ್ಡು ತಂದಿದ್ದರು. ಊರಲ್ಲಿ ಮಾಡಿಸಿದ ಕಾರ್ಡು, ಅದರಲ್ಲಿ ಕನ್ನಡ ಇತ್ತು. ಅಷ್ಟರಲ್ಲಿ ನಾನು ಮೂರು ವಾರ ದಿನಾ ಮಧ್ಯಾಹ್ನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರದಿಂದ ಕಲಿಸಿದ್ದೆ. ಅವಳು ಕಾರ್ಡನ್ನು ಕೈಗೆ ತೆಗೆದುಕೊಂಡಳು. ಬೆರಳಿಟ್ಟು ಅಮ್ಮನ ಹೆಸರು ಓದಿದಳು. ಆಮೇಲೆ ಅಜ್ಜನ ಹೆಸರು. ಆಮೇಲೆ ಊರು. 'ಸುರಪುರ ತಾಲ್ಲೂಕ್' ಎಂದು ನಿಧಾನಕ್ಕೆ ಓದಿ ಮುಗಿಸಿದಳು. ಈ ಸಲ ಬೆರಳು, ಬಾಯಿ ಎರಡೂ ಒಂದೇ ಜಾಗದಲ್ಲಿದ್ದವು. ಅವಳ ಅಮ್ಮ ಆ ಕಾರ್ಡನ್ನು ವರ್ಷಗಟ್ಟಲೆ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡು ತಿರುಗಿದ್ದರು. ಅದರಲ್ಲಿ ಏನು ಬರೆದಿದೆ ಎಂದು ಅವರ ಕಿವಿಗೆ ಬಿದ್ದದ್ದು ಅವತ್ತೇ ಮೊದಲು.

ಅವರ ಜೊತೆ ಚಿಕ್ಕ ಮಗನೂ ಬಂದಿದ್ದ. ಅಕ್ಕನ ಕೈಯಿಂದ ಕಾರ್ಡು ಕಿತ್ತುಕೊಂಡು ತಾನೂ ಬೆರಳಿಟ್ಟು ನೋಡುತ್ತಿದ್ದ. ಬರುವ ಜೂನ್‌ನಲ್ಲಿ ಅವನು ಒಂದನೇ ಕ್ಲಾಸಿಗೆ ಸೇರುತ್ತಾನೆ. ಅವನ ಕ್ಲಾಸಿಗೆ ಬರುವ ಟೀಚರ್ ಯಾರು ಎಂದು ಶಾಲೆ ಬಾಗಿಲು ತೆರೆಯುವ ಮೊದಲೇ ದಯವಿಟ್ಟು ತಿಳಿಸಿ.

ವಿಶ್ವಾಸವಿರಲಿ.

ಇಂತಿ,
ಡಿಎಲ್‌ಎಡ್ ಎರಡನೇ ವರ್ಷದ ಒಬ್ಬ ವಿದ್ಯಾರ್ಥಿನಿ
ಮುಂಬಯಿ